ಉಪ್ಪಿನ ಆಸೆ: ಇಲ್ಲ

ಮೊದಲಿನಿಂದ ಹೇಳಿ ಅಂದರಲ್ಲ ಡಾಕ್ಟರು, ಮೊದಲು ಅಂದರೆ ಯಾವುದು, ವಿಮಲ ಕಪ್ಪಾಗತೊಡಗಿದ್ದೋ, ರವಿಕೆಗಳು ಅವಳ ಮೈಮೇಲೆ ಜೋಲತೊಡಗಿದ್ದೋ, ಇಲ್ಲ ಒಂದು ಮಧ್ಯಾಹ್ನ ಒಲೆಯ ಮುಂದೆ ಕೂತವಳು ಅನ್ನ ಸೀದು ಅಡುಗೆಮನೆ ತುಂಬ ಹೊಗೆಯಾದರೂ ಏಳದೆ ಕೂತೇ ಇದ್ದಳಲ್ಲ, ಅದೋ — ಸ್ವಾಮಿ ಕಾಲೆತ್ತಿ, ಅಂದಳು ನೆಲ ಒರೆಸುವವಳು, ಎತ್ತಿದೆ, ಒದ್ದೆ ಬಟ್ಟೆ ಬೆಂಚಿನ ಕೆಳಗೆ ಹಾದು ಹೋಯಿತು, ಆಸ್ಪತ್ರೆಯ ಫಿನಾಯಿಲ್ ವಾಸನೆ, ಹನ್ನೊಂದಕ್ಕೆ ಕ್ಲಾಸು, ಇನ್ನು ಅರ್ಧ ಗಂಟೆ, ಇಪ್ಪತ್ತು ಇಪ್ಪತ್ತೈದು ಜನ ವಿದ್ಯಾರ್ಥಿಗಳು ಇರುತ್ತಾರಂತೆ, ಮುಂದೆ ಡಾಕ್ಟರಾಗುವವರು, ಅವರ ಎದುರು ನಾನು ಹೇಳಬೇಕು, ತುರುವೇಕೆರೆಯ ತೋಂಟದಾರ್ಯ, ಬಿ.ಎ. ಓದಿದವನು, ತೆಂಗಿನ ತೋಟದವನು, ನನ್ನ ಹೆಂಡತಿಗೆ ಹುಚ್ಚು ಹಿಡಿದದ್ದು ಹೇಗೆ, ಬಿಟ್ಟದ್ದು ಹೇಗೆ. ಹುಚ್ಚು ಅನ್ನಬೇಡಿ ಎಂದು ಹೋದ ವರ್ಷವೇ ಹೇಳಿದ್ದಾರೆ ದೊಡ್ಡ ಡಾಕ್ಟರು, ಅದು ಮನಸ್ಸಿನ ಕಾಯಿಲೆಯೇ ಅಲ್ಲ ತೋಂಟದಾರ್ಯ ಅವರೇ, ಮೂತ್ರಪಿಂಡದ ಮೇಲೆ ಟೋಪಿಯ ಹಾಗೆ ಕೂತಿರುತ್ತವೆ ಎರಡು ಸಣ್ಣ ಗ್ರಂಥಿಗಳು, ಹಿಂದೆಂದೋ ಬಂದ ಕ್ಷಯ ಅವನ್ನು ತಿಂದು ಹಾಕಿತ್ತು, ಅವುಗಳ ರಸವಿಲ್ಲದೆ ಮೈಯಲ್ಲಿನ ಉಪ್ಪೆಲ್ಲ ಮೂತ್ರದಲ್ಲಿ ಹರಿದು ಹೋಗುತ್ತಿತ್ತು, ಉಪ್ಪಿಲ್ಲದ ಮಿದುಳು ಏನು ಮಾಡೀತು ಪಾಪ. ಪಾಪ ಅಂದದ್ದು ಮಿದುಳಿಗೆ. ಪಕ್ಕದಲ್ಲಿ ವಿಮಲ ಶಿರಾ ಕಡೆಯ ಯಾವುದೋ ಹೆಂಗಸಿನ ಜೊತೆ ಮಾತಿಗೆ ಕೂತಿದ್ದಾಳೆ, ಒಂದು ವರ್ಷ ನಾನು ಪೂರಾ ಹುಚ್ಚಿ ಆಗಿದ್ದೆ ಕಣ್ರೀ, ಈಗ ಎರಡು ಹೊತ್ತು ಮಾತ್ರೆ ನುಂಗ್ತೀನಿ, ಸರಿಯಾಗಿದೀನಿ, ಮಾತ್ರೆ ತಪ್ಪಿದ ದಿವ್ಸ ಮಾತ್ರ ವಸಿ ದೂರ ಕೂತ್ಕಳಿ, ಅನ್ನುತ್ತಾಳೆ, ಆ ಹೆಂಗಸು ನಗಬೇಕೋ ಬೇಡವೋ ತಿಳಿಯದೆ ನನ್ನ ಮುಖ ನೋಡುತ್ತಾಳೆ. ನಾನು ಗೋಡೆಯ ಮೇಲಿನ ಬೋರ್ಡು ಓದುತ್ತೇನೆ. ಹೇಳಬೇಕಾದದ್ದು ಬಹಳವಿದೆ, ಅದೊಂದನ್ನು ಬಿಟ್ಟರೂ ಕಥೆ ಪೂರ್ತಿಯಾಗುತ್ತದೆ, ಅವಳ ಮುಚ್ಚಿದ ಮುಷ್ಟಿ, ಅದರ ಬೆರಳುಗಳನ್ನು ಒಂದೊಂದಾಗಿ — ಬೇಡ, ಅದು ಬೇಡ, ಬಣ್ಣದಿಂದ ಶುರು ಮಾಡೋಣ.

ಬಣ್ಣ ತಿರುಗಿದ್ದು ತೊಂಬತ್ತೇಳರ ಆಷಾಢದಲ್ಲಿ, ಅದಕ್ಕೂ ಮೊದಲೇ ಇರಬಹುದು, ದಿನಾ ನೋಡುವವರಿಗೆ ತಿಳಿಯುವುದಿಲ್ಲ, ಗೋಧಿ ಬಣ್ಣದವಳು ಮೊದಲು ಹೊಗೆ ಹಿಡಿದಂತಾದಳು, ಆಮೇಲೆ ಮೊಣಕೈ, ಬೆರಳ ಗಿಣ್ಣು, ಕತ್ತಿನ ಹಿಂದೆ, ಎಲ್ಲ ಮಸಿ. ತೋಟದ ಬಿಸಿಲು ಕಣಪ್ಪ, ಅಂದಳು ಅಮ್ಮ. ಆಷಾಢದಲ್ಲಿ ಎಂಥ ಬಿಸಿಲು. ಮೊದಲು ಕಂಡುಹಿಡಿದವಳು ಕುಬ್ರಾ, ಬಸ್ ಸ್ಟ್ಯಾಂಡಿನ ಬಳಿ ಅಂಗಡಿ ಇಟ್ಟಿರುವ ಟೈಲರ್ ಮುನಾವರನ ಹೆಂಡತಿ, ಗಂಡಸರ ಬಟ್ಟೆ ಅವನು ಅಂಗಡಿಯಲ್ಲಿ ಹೊಲಿದರೆ ಹೆಂಗಸರ ರವಿಕೆ ಇವಳು ಮನೆಯಲ್ಲಿ, ನಮ್ಮ ಮನೆಯಿಂದ ಎರಡು ಬೀದಿ ಆಚೆ, ವಿಮಲ ಮಧ್ಯಾಹ್ನ ಅಲ್ಲಿಗೆ ಮಿಷನ್ ಕಲಿಯಲು ಹೋಗುತ್ತಿದ್ದಳು, ಕಲಿತದ್ದು ಕಡಿಮೆ, ಇಬ್ಬರೂ ಕೂತು ನಕ್ಕದ್ದು ಜಾಸ್ತಿ, ಮಕ್ಕಳಿಲ್ಲದ ನಮ್ಮ ಮನೆಯಲ್ಲಿ ಆ ನಗು ಇರಲಿಲ್ಲ. ಒಂದು ದಿನ ಮನೆಗೆ ಬಂದು ಅಂಗೈ ತೋರಿಸಿದಳು, ನೋಡ್ರೀ, ಕುಬ್ರಾ ಕೇಳ್ತಾಳೆ, ಅಕ್ಕಾ ಮೆಹಂದಿ ಹಾಕ್ಕಂಡಿದ್ಯಾ ಅಂತ. ಅಂಗೈಯ ಗೆರೆಗಳೆಲ್ಲ ಕಪ್ಪಾಗಿದ್ದವು, ಪೆನ್ನಿನಿಂದ ತೀಡಿದ ಹಾಗೆ. ಅಳತೆ ಟೇಪೂ ಕುಬ್ರಾಳದೇ, ನಾಲ್ಕು ತಿಂಗಳಲ್ಲಿ ಮೂರು ಸಲ ರವಿಕೆ ಚಿಕ್ಕದು ಮಾಡಿದೀನಿ ಅಣ್ಣ, ಅಕ್ಕನ್ನ ಎಲ್ಲಿಗಾದ್ರೂ ತೋರಿಸಿ, ಎಂದು ದಾರಿಯಲ್ಲಿ ನಿಲ್ಲಿಸಿ ಹೇಳಿದ್ದಳು. ತೋರಿಸಿದೆ. ದಂಡಿನಶಿವರದ ಗಂಗಯ್ಯ ಪಂಡಿತರು, ನಮ್ಮ ತಂದೆಗೂ ಔಷಧಿ ಕೊಟ್ಟವರು, ನಾಡಿ ಹಿಡಿದು ಕಣ್ಣು ಮುಚ್ಚಿದರು, ರಕ್ತ ಕೆಟ್ಟೈತೆ, ಪಿತ್ತ ನೆತ್ತಿಗೇರೈತೆ, ಉಪ್ಪು ಹುಳಿ ಖಾರ ಪೂರಾ ಬಿಡಬೇಕು, ಉಪ್ಪು ಅಂತೂ ನಾಲಿಗೆಗೆ ಸೋಕಬಾರದು, ದಿನಕ್ಕೆ ನಾಲ್ಕು ಎಳನೀರು ಕುಡಿಸಿ. ನಮ್ಮ ಕಡೆಯವರಲ್ಲದವರಿಗೆ ಇದು ಅರ್ಥವಾಗುವುದಿಲ್ಲ, ನಮ್ಮದು ಕೊಬ್ಬರಿಯ ಸೀಮೆ, ಕಾಯಿ ಮರದಲ್ಲೇ ಬಲಿಯಬೇಕು, ಕಿತ್ತ ಮೇಲೆ ಅಟ್ಟದಲ್ಲಿ ಹತ್ತು ಹನ್ನೊಂದು ತಿಂಗಳು ಕೂತು ಒಳಗಿನ ನೀರು ಇಂಗಿ ಕೊಬ್ಬರಿ ಚಿಪ್ಪು ಬಿಡಬೇಕು, ಎಳನೀರು ಕೀಳುವುದೆಂದರೆ ಆ ಕೊಬ್ಬರಿಯನ್ನು ಬಸಿರಿನಲ್ಲೇ ಕೊಂದ ಹಾಗೆ, ನೆಂಟರು ಬಂದರೂ ಕೀಳುವುದಿಲ್ಲ ನಾವು. ಅವಳಿಗಾಗಿ ನಾನು ಬಾವಿಯ ಪಕ್ಕದ ಎರಡು ಮರಗಳನ್ನು ಎಳನೀರಿಗೇ ಬಿಟ್ಟೆ. ಊರಿನಲ್ಲಿ ಮಾತಾಯಿತು, ತೋಂಟನಿಗೆ ಹೆಂಡ್ತಿ ಮೇಲೆ ಎಷ್ಟು ಆಸೆ ನೋಡ್ಲಾ, ಅಂದರು, ನನಗೆ ಹೆಮ್ಮೆಯೂ ಆಯಿತು. ಈಗ ತಿಳಿದಿದೆ, ಈ ಕಾಯಿಲೆಯವರಿಗೆ ಉಪ್ಪು ಬಿಡಿಸುವುದು, ಎಳನೀರು ಕುಡಿಸುವುದು, ಎರಡೂ ಕೇಡೇ, ಎಳನೀರಿನಲ್ಲಿ ಯಾವುದೋ ಬೇರೆ ಲವಣವಿದೆಯಂತೆ, ಅದು ಮೈಯಲ್ಲಿ ಹೆಚ್ಚಾಗಿ ನಿಂತು ಎದೆಯನ್ನು ಹಿಡಿಯುತ್ತದಂತೆ. ಎಷ್ಟು ಕುಡಿಸಿದಿರಿ ಎಂದು ಡಾಕ್ಟರು ಕೇಳಿದಾಗ ದಿನಕ್ಕೆ ನಾಲ್ಕು ಅಂದೆ. ಆರು ಆಗಿತ್ತು. ಅವಳಿಗೆ ಕಡಿಮೆಯಾಗಲಿಲ್ಲವೆಂದು ನಾನೇ ಎರಡು ಹೆಚ್ಚು ಮಾಡಿದ್ದೆ.

ಬುದ್ಧಿ ಯಾವಾಗ ತಿರುಗಿತು ಎಂದು ಕೇಳುತ್ತಾರೆ, ಹಾಗೆ ಒಂದು ದಿನ ಇರುವುದಿಲ್ಲ, ಹಾಲು ಒಡೆದ ಹಾಗೆ ಅಲ್ಲ ಅದು, ಅವಳು ಮೊದಲು ಮಾತು ಕಡಿಮೆ ಮಾಡಿದಳು, ಎದ್ದು ನಿಂತರೆ ಕಣ್ಣು ಕತ್ತಲೆ ಅನ್ನುತ್ತಿದ್ದಳು, ಹಗಲಲ್ಲಿ ಮಲಗುವವಳಲ್ಲ, ಮಲಗತೊಡಗಿದಳು, ಸೊಕ್ಕು ಕಣ್ಲಾ, ನೀನು ಮರದ ಮೇಲಿಂದ ಎಳನೀರು ಇಳಿಸಿ ಬಾಯಿಗೆ ಹುಯ್ದ್ರೆ ಯಾರಿಗೆ ತಾನೆ ಮೈ ಬಗ್ಗೀತು, ಅಂದಳು ಅಮ್ಮ, ನಾನು ಸುಮ್ಮನಿದ್ದೆ, ಸುಮ್ಮನಿರುವುದು ನನಗೆ ಚಿಕ್ಕಂದಿನಿಂದ ಬರುತ್ತದೆ, ಕಾಲೇಜಿನಲ್ಲಿ ಅದನ್ನು ಗಾಂಭೀರ್ಯ ಅಂದುಕೊಂಡಿದ್ದರು. ಆಮೇಲೆ ಕಾರಣವಿಲ್ಲದೆ ಅಳುವುದು, ಆಮೇಲೆ ಸಿಟ್ಟು, ನನ್ನ ಹತ್ತಿರ ಎಂದೂ ದನಿ ಎತ್ತದವಳು ಹೋಗಲೋ ಅಂದಳು ಒಂದು ಸಲ, ಮನೆಯ ಆಳುಗಳ ಎದುರು, ಅಂದು ತಾನೇ ಬೆಚ್ಚಿ ಬಾಯಿ ಮುಚ್ಚಿಕೊಂಡಳು. ಅಟ್ಟದ ಮೇಲೆ ಕಾಯಿಗಳ ನಡುವೆ ಯಾರೋ ಕೂತು ನನ್ನ ಬಣ್ಣದ ವಿಷಯ ಆಡಿಕೊಳ್ತಾರೆ, ಎಂದು ಏಣಿ ಹಾಕಿ ಹತ್ತಿದಳು, ಎರಡು ಮೆಟ್ಟಿಲಿಗೇ ಸುಸ್ತಾಗಿ ಏಣಿಯನ್ನು ತಬ್ಬಿಕೊಂಡು ನಿಂತಳು, ನಾನು ಇಳಿಸಿಕೊಂಡೆ, ಎಷ್ಟು ಹಗುರವಾಗಿದ್ದಳು, ಕೊಬ್ಬರಿ ಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸಿ ಒಳಗೆ ಎಷ್ಟು ಒಣಗಿದೆ ಎಂದು ಹೇಳಬಲ್ಲವನು ನಾನು, ತಿಪಟೂರಿನ ವರ್ತಕರೂ ನನ್ನ ಮಾತು ಒಪ್ಪುತ್ತಾರೆ, ಆ ಹಗುರ ನನಗೆ ಏನನ್ನೂ ಹೇಳಲಿಲ್ಲ. ಅತ್ತೆ ಎಳನೀರಿನಲ್ಲಿ ವಿಷ ಹಾಕ್ತಾಳೆ ಅನ್ನತೊಡಗಿದಳು. ನನ್ನ ಕಣ್ಣೆದುರೇ ಕೊಚ್ಚಿದ ಎಳನೀರು, ತೂತು ಮಾಡಿದವನು ನಾನು, ಇದರಲ್ಲಿ ಎಲ್ಲಿಂದ ಬಂತೇ ವಿಷ, ನೋಡು, ನಾನೂ ಕುಡಿದೆ, ನನಗೇನಾಯಿತು. ನಿಮಗಾಗಲ್ಲ ಕಣ್ರೀ, ನನಗೆ ಆಯ್ತದೆ, ಇದು ಕುಡಿದ್ರೆ ಎದೆ ನಿಂತು ನಿಂತು ಹೊಡ್ಕಳ್ಳುತ್ತೆ, ಬ್ಯಾಡ, ನಿಮ್ಮ ಕಾಲಿಗೆ ಬೀಳ್ತೀನಿ. ಹುಚ್ಚಿನ ಮಾತು. ದವಡೆ ಹಿಡಿದೆ, ಅಮ್ಮ ಎರಡೂ ಕೈ ಹಿಡಿದುಕೊಂಡಳು, ಹುಯ್ದೆ, ಅರ್ಧ ಕತ್ತಿನ ಮೇಲೆ ಹರಿಯಿತು, ಅರ್ಧ ಒಳಗೆ ಹೋಯಿತು. ಹೀಗೆ ಎಷ್ಟು ದಿನ — ಮಾಘದಿಂದ ಯುಗಾದಿಯವರೆಗೆ ಅಂದುಕೊಳ್ಳಿ. ಇದನ್ನು ಕ್ಲಾಸಿನಲ್ಲಿ ಹೇಳಬಹುದು, ಹೇಳಿದ್ದೇನೆ ಕೂಡ, ಹೋದ ಸಲ ದೊಡ್ಡ ಡಾಕ್ಟರಿಗೆ ಹೇಳಿದಾಗ ಅವರು ತಲೆ ಆಡಿಸಿ ನಿಮಗೆ ಹೇಗೆ ಗೊತ್ತಾಗಬೇಕು ಅಂದರು, ಒಳ್ಳೆಯ ಮನಸ್ಸಿನಿಂದ ಮಾಡಿದ ತಪ್ಪು ಅಂದರು. ಒಳ್ಳೆಯ ಮನಸ್ಸಿನಿಂದ ಮಾಡಿದ ತಪ್ಪನ್ನು ಯಾರೆದುರೂ ಹೇಳಬಹುದು.

ಉಪ್ಪಿನ ವಿಷಯ ಬೇರೆ. ಅವಳು ಉಪ್ಪು ಕದಿಯುತ್ತಿದ್ದಳು, ನನ್ನ ಹೆಂಡತಿ, ಈ ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಕೂತು ಈಗ ಶಿರಾದವಳಿಗೆ ಹುರಿಗಾಳು ಕೊಡುತ್ತಿರುವ ಇವಳು. ಮೊದಲು ಉಪ್ಪಿನ ಗಡಿಗೆ ಬೇಗ ಖಾಲಿಯಾಗುತ್ತಿದೆ ಎಂದಳು ಅಮ್ಮ, ಉಪ್ಪಿನಕಾಯಿ ಜಾಡಿಯಲ್ಲಿ ರಸವೇ ಇಲ್ಲ, ಹೋಳು ಒಣಗಿ ಕೂತಿದೆ, ಯಾರು ಕುಡಿದವರು. ಪಥ್ಯ ಮುರಿದರೆ ಔಷಧಿ ತಿರುಗಿ ಹೊಡೆಯುತ್ತದೆ ಎಂದಿದ್ದರು ಗಂಗಯ್ಯ ಪಂಡಿತರು, ಅಮ್ಮ ಉಪ್ಪಿನ ಗಡಿಗೆಯನ್ನು ದೇವರ ಕೋಣೆಯಲ್ಲಿಟ್ಟು ಬೀಗ ಹಾಕಿ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು, ಬೇಡ ಅನ್ನಲಿಲ್ಲ ನಾನು. ಮಾರನೆಯ ವಾರ ದಬ್ಬೇಘಟ್ಟದ ದಾರಿಯಲ್ಲಿರುವ ನಮ್ಮ ತೋಟದ ಮನೆ. ತೆಂಗಿನ ಮರದ ಬುಡಕ್ಕೆ ಹಾಕಲು ಕಲ್ಲುಪ್ಪು ತರಿಸಿರುತ್ತೇವೆ, ಮೂಟೆಯಲ್ಲಿ, ಗೊಬ್ಬರದ ಚೀಲಗಳ ಪಕ್ಕ, ಮಣ್ಣು ಹುಲ್ಲು ಹಕ್ಕಿಯ ಹಿಕ್ಕೆ ಎಲ್ಲ ಬೆರೆತ ಉಪ್ಪು, ಮನುಷ್ಯರು ತಿನ್ನುವುದಲ್ಲ. ಮಧ್ಯಾಹ್ನ ಮೂರು ಗಂಟೆ ಇರಬೇಕು, ಕಾಯಿ ಸುಲಿಯುವವರು ಊಟಕ್ಕೆ ಕೂತು ಎದ್ದು ಕೈ ತೊಳೆಯುತ್ತಿದ್ದರು, ನಾನು ಒಳಗೆ ಹೋದರೆ ಅವಳು ಮೂಟೆಯ ಮುಂದೆ ಮಂಡಿಯೂರಿ ಕೂತಿದ್ದಾಳೆ, ಮನೆಯಿಂದ ಮೂರು ಮೈಲಿ, ಎರಡು ಮೆಟ್ಟಿಲು ಹತ್ತಲಾಗದವಳು ಅಲ್ಲಿಗೆ ಹೇಗೆ ನಡೆದಳು, ಮೂಟೆಯ ಹೊಲಿಗೆ ಬಿಚ್ಚಿದೆ, ಬಾಯಿಯ ಸುತ್ತ ಮಣ್ಣು, ಕರಕರ ಸದ್ದು, ನನ್ನನ್ನು ನೋಡಿದವಳೇ ಮುಷ್ಟಿ ಮುಚ್ಚಿ ಎದೆಗೆ ಒತ್ತಿಕೊಂಡಳು. ಹಿಂದೆಯೇ ಕಾಯಿ ಸುಲಿಯುವ ಹುಚ್ಚರಂಗಯ್ಯ ಬಂದು ಬಾಗಿಲಲ್ಲಿ ನಿಂತ, ಮುಖ ತಿರುಗಿಸಿಕೊಂಡ. ಅವನು ಮುಖ ತಿರುಗಿಸಿದ್ದನ್ನೇ ನನಗೆ ತಡೆಯಲಾಗಲಿಲ್ಲ. ಬಿಡು ಅಂದೆ, ಬಿಡಲಿಲ್ಲ, ಒಂದೊಂದೇ ಬೆರಳನ್ನು ಬಿಡಿಸಿದೆ, ಹೆಬ್ಬೆರಳು ಮೊದಲು, ಆಮೇಲೆ ತೋರುಬೆರಳು, ಒಂದು ಬಿಡಿಸುವಷ್ಟರಲ್ಲಿ ಇನ್ನೊಂದು ಮುಚ್ಚಿಕೊಳ್ಳುತ್ತಿತ್ತು, ಎಲ್ಲಿತ್ತು ಅಷ್ಟು ಶಕ್ತಿ, ಕೊನೆಗೆ ಅಂಗೈ ತೆರೆಯಿತು, ಕಪ್ಪು ಗೆರೆಗಳ ಒಳಗೆ ಉಪ್ಪಿನ ಬಿಳಿ ಹರಳು. ಕೊಡವಿದೆ. ಅವಳು ಅಂಗೈಯನ್ನು ನೆಕ್ಕಿಕೊಂಡಳು. ಹೊಡೆದೆ. ಒಂದೇ ಏಟು, ಕೆನ್ನೆಗೆ. ಅವಳು ಅಳಲಿಲ್ಲ, ಉಪ್ಪು ಕೊಡ್ರೀ, ಅಂದಳು, ಮೆಲ್ಲಗೆ, ಸರಿಯಾಗಿರುವವರು ಕೇಳಿದ ಹಾಗೆ.

ಅಲ್ಲಿಂದಾಚೆ ಅವಳಿಗೆ ಉಪ್ಪು ಸಿಕ್ಕಿದ್ದು ಒಂದೇ ಕಡೆ. ಕುಬ್ರಾ ಕೊಡುತ್ತಿದ್ದಳು. ತಿಳಿದದ್ದು ಅಮ್ಮನಿಂದ, ಅಮ್ಮನಿಗೆ ಯಾರಿಂದಲೋ, ನಿನ್ನ ಹೆಂಡ್ತಿ ಸಾಬರ ಮನೆ ಜಗಲಿ ಮೇಲೆ ಕೂತು ಉಪ್ಪು ತಿರಿದು ತಿಂತಾಳಂತೆ ಕಣ್ಲಾ, ಲಿಂಗ ಕಟ್ಟಿದ ಮೈ, ಈ ಹೊಂಬಾಳಮ್ಮನ ಸೊಸೆ, ನಾನು ಬೀದೀಲಿ ತಲೆ ಎತ್ತೋದು ಹೆಂಗೆ. ಹೋದೆ. ಮುನಾವರ್ ಅಂಗಡಿಯಲ್ಲಿದ್ದ, ಮನೆಯಲ್ಲಿ ಅವಳೊಬ್ಬಳೇ, ಮಿಷನ್ ನಿಲ್ಲಿಸಿ ಎದ್ದು ತಲೆಯ ಮೇಲೆ ಸೆರಗು ಎಳೆದುಕೊಂಡಳು, ಬನ್ನಿ ಅಣ್ಣ, ನಾನೇ ನಿಮ್ಮ ಹತ್ರ ಬರೋಣ ಅಂತಿದ್ದೆ, ಅಂದಳು, ಅಕ್ಕ ಬಂದ್ರೆ ಮಜ್ಜಿಗೇಲಿ ಉಪ್ಪು ಹಾಕಿ ಕೊಡ್ತೀನಿ, ಕುಡಿದು ಸ್ವಲ್ಪ ಹೊತ್ತಿಗೆ ಕಣ್ಣು ತಿಳಿಯಾಗ್ತದೆ, ನೆಟ್ಟಗೆ ಮಾತಾಡ್ತಾರೆ, ನಾನು ಎರಡು ಮೂರು ಸಲ ನೋಡಿದೀನಿ, ಇದು ಸುಮ್ನೆ ಅಲ್ಲ, ಮೈ ಕೇಳ್ತಾ ಐತೆ, ಇದನ್ನ ಡಾಕ್ಟ್ರಿಗೆ ಹೇಳಿ ಅಣ್ಣ, ನಾಚ್ಕೋಬೇಡಿ. ನಾಚಿಕೊಳ್ಳಬೇಡಿ ಅಂದಳು, ಅದೇ ಚುಚ್ಚಿತು, ಆಗ ನಾನು ಅಂದ ಮಾತು ಹೀಗೆ, ಒಂದಕ್ಷರ ಮರೆತಿಲ್ಲ — ನಿಮ್ಮ ಉಪ್ಪು ತಿನ್ನಿಸಿ ತಿನ್ನಿಸಿಯೇ ಅವಳ ಬುದ್ಧಿ ಕೆಡಿಸಿದ್ದೀರಿ, ಏನು ಬೆರೆಸಿ ಕೊಡ್ತೀರೋ ಯಾರಿಗೆ ಗೊತ್ತು, ಇನ್ನು ನಮ್ಮ ಮನೆಯ ಹೊಸಿಲು ತುಳಿಯಬೇಡಿ. ಉಪ್ಪು ಕೇಳಿದ್ರು ಅಣ್ಣ, ಅಂದಳು, ಉಪ್ಪು ಕೇಳಿದೋರಿಗೆ ಇಲ್ಲ ಅನ್ನೋಕೆ ನಂಗೆ ಬರಲ್ಲ. ಮತ್ತೆ ಮಿಷನ್ ಮುಂದೆ ಕೂತಳು, ತುಳಿಯಲಿಲ್ಲ, ಸುಮ್ಮನೆ ಕೂತಳು. ಮುಂದಿನ ಸೋಮವಾರ ವಿಮಲಳನ್ನು ಮನೋರೋಗದ ಡಾಕ್ಟರಿಗೆ ತೋರಿಸಲು ತುಮಕೂರಿಗೆ ಕರೆದುಕೊಂಡು ಹೋದೆ. ವಯಸ್ಸಾದವರು, ನಿಧಾನ, ಎಲ್ಲ ಕೇಳಿದರು, ಕೂಗಾಡುತ್ತಾರಾ, ಯಾರದೋ ದನಿ ಕೇಳಿಸುತ್ತದಾ, ಆತ್ಮಹತ್ಯೆಯ ಮಾತು ಆಡಿದ್ದಾರಾ. ಕೊನೆಗೆ ಕನ್ನಡಕ ತೆಗೆದು ಕೇಳಿದರು, ಮಣ್ಣು ಸುಣ್ಣ ಬೂದಿ ಹಸಿ ಅಕ್ಕಿ, ಹೀಗೆ ತಿನ್ನಬಾರದ್ದು ಏನಾದರೂ ತಿನ್ನುವ ಅಭ್ಯಾಸ ಉಂಟಾ, ಯಾವುದಕ್ಕಾದರೂ ಅತಿಯಾಗಿ ಆಸೆಪಡುತ್ತಾರಾ. ಹೊರಗಿನ ಬೆಂಚಿನ ಮೇಲೆ ತಿಪಟೂರಿನ ಕೊಬ್ಬರಿ ಮಂಡಿಯವರೊಬ್ಬರು ಯಾರನ್ನೋ ಕರೆದುಕೊಂಡು ಬಂದು ಕೂತಿದ್ದರು, ನನ್ನನ್ನು ನೋಡಿ ನೋಡದ ಹಾಗೆ ಮಾಡಿದ್ದರು, ಬಾಗಿಲಿಗೆ ಬರೀ ಪರದೆ. ಇಲ್ಲ ಅಂದೆ. ಅಂಥದ್ದೇನೂ ಇಲ್ಲ ಸಾರ್. ಮರ್ಯಾದಸ್ಥರ ಮನೆಯ ಹೆಣ್ಣು, ಗೊಬ್ಬರದ ಉಪ್ಪನ್ನು ಮುಷ್ಟಿ ಕಟ್ಟಿ ತಿಂದಳು ಅನ್ನಬೇಕೇ ಆ ಪರದೆಯ ಈಚೆ ಕೂತು. ಅವರು ಮಾತ್ರೆ ಬರೆದರು. ಆ ಮಾತ್ರೆ ನುಂಗಿ ಅವಳು ಐದು ತಿಂಗಳು ಮಲಗಿದಳು.

ಶ್ರಾವಣದಲ್ಲಿ ಒಂದು ಬೆಳಿಗ್ಗೆ ವಾಂತಿ, ಹಲ್ಲುಜ್ಜಲು ಎದ್ದವಳು ಬಚ್ಚಲಲ್ಲಿ ಬಿದ್ದಳು, ಮೈ ತಣ್ಣಗೆ, ತುರುವೇಕೆರೆಯ ಡಾಕ್ಟರು ಬಿಪಿ ಪಟ್ಟಿ ಸುತ್ತಿ ಗಾಳಿ ತುಂಬಿ ತುಂಬಿ ನೋಡಿ ಸಿಗ್ತಾ ಇಲ್ಲ ಕಣ್ರೀ, ಸೂಜಿ ಚುಚ್ಚಿ ಸಲೈನ್ ಹಾಕಿ ಕೊಡ್ತೀನಿ, ನಿಲ್ಲಬೇಡಿ, ಬೆಂಗಳೂರು ದೊಡ್ಡಾಸ್ಪತ್ರೆಗೆ ಹೊರಡಿ ಅಂದರು, ವ್ಯಾನಿನಲ್ಲಿ ಅವಳ ತಲೆ ನನ್ನ ತೊಡೆಯ ಮೇಲೆ, ಬಾಟಲಿ ಎತ್ತಿ ಹಿಡಿದ ನನ್ನ ಕೈ, ಆ ಬಾಟಲಿಯಲ್ಲಿ ಇದ್ದದ್ದು ಉಪ್ಪುನೀರು ಎಂದು ಆಗ ನನಗೆ ತಿಳಿಯದು, ದಾರಿಯುದ್ದಕ್ಕೂ ಹನಿ ಹನಿಯಾಗಿ ಅವಳ ಒಳಗೆ ಹೋಗುತ್ತಿದ್ದುದು ನಾನು ಬಿಡಿಸಿ ಕೊಡವಿದ್ದೇ. ಇಲ್ಲಿ, ಇದೇ ಆಸ್ಪತ್ರೆಯಲ್ಲಿ, ಕೆಳಗಿನ ಮಹಡಿಯಲ್ಲಿ, ಒಬ್ಬ ಚಿಕ್ಕ ವಯಸ್ಸಿನ ಲೇಡಿ ಡಾಕ್ಟರು, ಹಳೆಯ ಚೀಟಿಗಳನ್ನು ನೋಡಿ ಮನೋರೋಗ ಎಂದು ಓದಿಕೊಂಡವರು ಸೂಜಿಗೆ ನರ ಹುಡುಕಲು ಕೈ ತಿರುಗಿಸಿದರು, ಅಂಗೈ ನೋಡಿದರು, ನಿಂತರು. ತುಟಿ ಸರಿಸಿ ವಸಡು ನೋಡಿದರು, ಅದೂ ಕಪ್ಪು. ಇವರ ಬಣ್ಣ ಮೊದಲಿಂದ ಹೀಗೇನಾ. ಅಲ್ಲ ಮೇಡಂ. ತೂಕ ಇಳಿದಿದೆಯಾ. ಹೌದು. ಉಪ್ಪು, ಉಪ್ಪಿನಕಾಯಿ, ಇವಕ್ಕೆ ತುಂಬಾ ಆಸೆಪಡ್ತಿದ್ರಾ, ಯೋಚನೆ ಮಾಡಿ ಹೇಳಿ. ನೇರವಾಗಿ ಅದನ್ನೇ ಕೇಳಿದರು. ಯಾರೋ ಎಲ್ಲವನ್ನೂ ಇವರಿಗೆ ಹೇಳಿಬಿಟ್ಟಿದ್ದಾರೆ ಅನ್ನಿಸಿತು, ಹೌದು ಅಂದರೆ ಮುಂದಿನ ಪ್ರಶ್ನೆ ಬರುತ್ತದೆ, ಹಾಗಾದರೆ ಇಷ್ಟು ದಿನ ಯಾರಿಗೂ ಯಾಕೆ ಹೇಳಲಿಲ್ಲ, ಕೇಳಿದಾಗ ನೀವೇನು ಮಾಡಿದಿರಿ. ಇಲ್ಲ ಅಂದೆ. ಎರಡನೆಯ ಸಲ. ಅವರಿಗೆ ನನ್ನ ಮಾತು ಬೇಕಾಗಲಿಲ್ಲ, ಅಂಗೈ ಸಾಕಾಯಿತು, ರಕ್ತ ತೆಗೆದರು, ಒಂದು ಇಂಜೆಕ್ಷನ್ ಕೊಟ್ಟರು, ಬಾಟಲಿಯ ಮೇಲೆ ಬಾಟಲಿ. ಮೂರನೆಯ ದಿನ ವಿಮಲ ಎದ್ದು ಕೂತು ಕೂದಲು ಬಾಚಿಕೊಂಡು ಹಸು ಕರೆದೋರು ಯಾರ್ರೀ ಅಂದಳು. ಒಂದು ವರ್ಷದ ಹುಚ್ಚು ಮೂರು ದಿನಕ್ಕೆ ಹೋಯಿತು, ನಾನು ಕಿಟಕಿಯ ಬಳಿ ನಿಂತು ಅತ್ತುಬಿಟ್ಟೆ, ಅವಳಿಗೆ ಅದು ಸಂತೋಷದ ಅಳು ಅನ್ನಿಸಿತು. ಆ ಲೇಡಿ ಡಾಕ್ಟರು ಕೇಸ್ ಶೀಟಿನಲ್ಲಿ ಇಂಗ್ಲಿಷಿನಲ್ಲಿ ಬರೆದದ್ದನ್ನು ನಾನೇ ಓದಿದ್ದೇನೆ, ಬಿ.ಎ. ಓದಿದವನಲ್ಲವೇ, ಉಪ್ಪಿನ ಆಸೆ: ಇಲ್ಲ, ಗಂಡನ ಹೇಳಿಕೆ.

ಊರಿಗೆ ಬಂದ ಮೇಲೆ ಅವಳಿಗೆ ಆ ವರ್ಷ ಪೂರ್ತಿ ನೆನಪಿಲ್ಲ, ಅಲ್ಲಲ್ಲಿ ತುಂಡು, ಯಾರಿಗೆ ಏನಂದೆನೋ ಏನು ಮಾಡಿದೆನೋ ಎಂಬ ಭಯ, ಅಮ್ಮನ ಕಾಲಿಗೆ ಬಿದ್ದಳು, ನನ್ನ ಕಾಲಿಗೆ ಬೀಳಲು ಬಂದಳು, ನಿಮ್ಮ ಮರ್ಯಾದೆ ಎಲ್ಲ ಕಳೆದುಬಿಟ್ಟೆ ಅಲ್ವಾ, ಅನ್ನುತ್ತಾಳೆ, ಹಿಡಿದು ನಿಲ್ಲಿಸಿದೆ, ಬುಡು ಅಂದೆ, ದೊಡ್ಡ ಮನಸ್ಸಿನವನ ಹಾಗೆ. ಒಂದು ಸಂಜೆ ಹೊಸ ರವಿಕೆ ಬಟ್ಟೆ ಹಿಡಿದುಕೊಂಡು ಕೂತಿದ್ದಳು, ಕುಬ್ರಾ ಯಾಕ್ರೀ ಒಂದಿನಾನೂ ನೋಡೋಕೆ ಬರಲಿಲ್ಲ, ಬಸ್ ಸ್ಟ್ಯಾಂಡಲ್ಲಿ ಸಿಕ್ಕಿದ್ಲು, ನಕ್ಕಳು, ಆದ್ರೆ ನಿಲ್ಲಲಿಲ್ಲ, ನಾನೇನಾದ್ರೂ ಕೆಟ್ಟ ಮಾತು ಅಂದ್ನಾ ಅವಳಿಗೆ ಆಗ. ನಾನು ಅಡಿಕೆ ಕತ್ತರಿಸುತ್ತಿದ್ದೆ. ಅಂದಿರಬೇಕು ಕಣ್ರೀ, ಅಂದಳು ತಾನೇ, ಜಾತಿಗೀತಿ ಎತ್ತಿ ಏನೋ ಅಂದಿರಬೇಕು, ಇಲ್ಲಾಂದ್ರೆ ಅವಳು ಹಂಗೆ ಮಾಡೋಳಲ್ಲ, ಯಾವ ಮುಖ ಇಟ್ಕಂಡು ಹೋಗ್ಲಿ. ಕತ್ತರಿಸುತ್ತಲೇ ಇದ್ದೆ, ಬೇಕಾದದ್ದಕ್ಕಿಂತ ಹೆಚ್ಚು ಅಡಿಕೆ ಕತ್ತರಿಸಿದೆ ಅವತ್ತು. ಆ ಬಟ್ಟೆಯನ್ನು ಬೇರೆ ಟೈಲರಿಗೆ ಕೊಟ್ಟಳು, ಆ ರವಿಕೆಯನ್ನೇ ಇವತ್ತು ಹಾಕಿಕೊಂಡಿದ್ದಾಳೆ, ತೋಳಿನ ಬಳಿ ಸರಿಯಾಗಿ ಕೂತಿಲ್ಲ, ಆಗಾಗ ಎಳೆದುಕೊಳ್ಳುತ್ತಾಳೆ. ಕ್ಲಾಸಿನಲ್ಲಿ ಹೇಳಿಬಿಟ್ಟರೆ. ಎಲ್ಲರೆದುರು, ಅವಳೆದುರು, ಒಂದೇ ಉಸಿರಿಗೆ, ಉಪ್ಪು ತಿಂದಿದ್ದಳು, ಕಂಡಿದ್ದೆ, ಕಿತ್ತುಕೊಂಡೆ, ಹೊಡೆದೆ, ಕೊಟ್ಟವಳಿಗೆ ಬೈದೆ, ಕೇಳಿದ ಡಾಕ್ಟರಿಗೆಲ್ಲ ಸುಳ್ಳು ಹೇಳಿದೆ. ಎರಡು ನಿಮಿಷ ಸಾಕು. ಅವಳು ಕುಬ್ರಾಳ ಮನೆಗೆ ಹೋಗಬಹುದು ಆಮೇಲೆ, ತಲೆ ಎತ್ತಿಕೊಂಡು. ಈ ಮಕ್ಕಳು ಮುಂದೆ ಯಾವ ಊರಿನಲ್ಲೋ ಕೂತು ಇಂಥ ಗಂಡನನ್ನು ಇನ್ನೊಂದು ಸಲ ಕೇಳುತ್ತಾರೆ, ಬಿಡದೆ. ಹೇಳುತ್ತೇನೆ, ಇವತ್ತು ಹೇಳಬಹುದು, ಒಂದು ಲೋಟ ನೀರು ಕುಡಿದು — ತೋಂಟದಾರ್ಯ ಅವರು ಯಾರು, ಒಳಗೆ ಬರಬೇಕಂತೆ, ಇಬ್ಬರೂ.

ಕೋಣೆ ತುಂಬ ಬಿಳಿ ಕೋಟುಗಳು, ಮುಂದೆ ಎರಡು ಕುರ್ಚಿ, ವಿಮಲ ಸೆರಗು ಸರಿಮಾಡಿಕೊಂಡು ಕೂತು ಎಲ್ಲರಿಗೂ ಕೈ ಮುಗಿಯುತ್ತಾಳೆ, ನಾನು ನಿಂತೇ ಹೇಳುತ್ತೇನೆ, ಬಣ್ಣ, ಸುಸ್ತು, ಅಟ್ಟದ ದನಿಗಳು, ಎಳನೀರು, ದವಡೆ ಹಿಡಿದದ್ದನ್ನೂ ಹೇಳುತ್ತೇನೆ, ಚೆನ್ನಾಗಿಯೇ ಹೇಳುತ್ತೇನೆ, ಒಬ್ಬ ಹುಡುಗಿಯ ಕಣ್ಣು ಒದ್ದೆಯಾಗುತ್ತದೆ, ದೊಡ್ಡ ಡಾಕ್ಟರು ಕೇಸ್ ಶೀಟು ತಿರುವುತ್ತಾ ಒಂದು ಕಡೆ ಬೆರಳಿಡುತ್ತಾರೆ. ಇಲ್ಲಿ ಗಮನಿಸಿ, ಉಪ್ಪಿನ ಆಸೆ ಇರಲಿಲ್ಲ ಅಂತಿದೆ, ಇಂಥವರು ಬಹಳ ಮಂದಿ ಉಪ್ಪಿಗೆ ಹಾತೊರೆಯುತ್ತಾರೆ, ಇವರಲ್ಲಿ ಅದು ಇಲ್ಲ, ಆದ್ದರಿಂದ ಅದನ್ನೇ ನಂಬಿಕೊಂಡು ಕೂರಬೇಡಿ, ಅಲ್ಲವೇ ತೋಂಟದಾರ್ಯ ಅವರೇ. ತಲೆಯಾಡಿಸಿದೆನೇ ನಾನು, ಆಡಿಸಿರಬೇಕು, ಇಪ್ಪತ್ತು ಪೆನ್ನುಗಳು ಒಟ್ಟಿಗೆ ಬರೆಯತೊಡಗುತ್ತವೆ, ಆ ಸದ್ದು. ಆಗ ವಿಮಲ ಕೈ ಎತ್ತುತ್ತಾಳೆ, ಶಾಲೆಯ ಹುಡುಗಿಯ ಹಾಗೆ.

ಆಸೆ ಇತ್ತೋ ಇಲ್ವೋ ಗೊತ್ತಿಲ್ಲ ಡಾಕ್ಟ್ರೇ, ಅನ್ನುತ್ತಾಳೆ. ಒಂದು ಕನಸು ಮಾತ್ರ ಪದೇ ಪದೇ ಬತ್ತಿತ್ತು, ಈಗ್ಲೂ ಬತ್ತದೆ, ಇವರಿಗೂ ಹೇಳಿಲ್ಲ. ತೋಟದ ಮನೇಲಿ ಕೂತು ಉಪ್ಪು ತಿಂತಾ ಇರ್ತೀನಿ, ಎಷ್ಟು ರುಚಿ ಅಂತೀರಾ, ಯಾರೋ ಬಂದು ನನ್ನ ಬೆರಳು ಒಂದೊಂದಾಗಿ ಬಿಡಿಸ್ತಾರೆ, ನಾನು ಮುಚ್ತೀನಿ, ಅವರು ಬಿಡಿಸ್ತಾರೆ. ಮುಖ ಮಾತ್ರ ಕಾಣಲ್ಲ.

ಹೇಳುತ್ತಾ ಅವಳು ಬಲಗೈ ಮುಷ್ಟಿ ಮಾಡಿ ತೋರಿಸಿದಳು. ಕೆಲವರು ನಕ್ಕರು. ಕನಸಿನಲ್ಲಾದರೂ ಇತ್ತಲ್ಲ, ಅಂದರು ದೊಡ್ಡ ಡಾಕ್ಟರು, ಅವರೂ ನಗುತ್ತಾ, ಎಲ್ಲರೂ ನನ್ನ ಕಡೆ ನೋಡಿದರು, ಅವಳೂ ನೋಡಿದಳು, ಮುಷ್ಟಿ ಹಾಗೆಯೇ ಇತ್ತು, ಹೆಬ್ಬೆರಳು, ತೋರುಬೆರಳು.

ಅದು ಕನಸಲ್ಲ ಎಂದು ನಾನು ಹೇಳಲಿಲ್ಲ.